ಆಸ್ಪಿರಿನ್ ಗುಟ್ಟನ್ನು ಬಿಡಿಸಿದ ಜಾನ್ ವೇನ್

ತಲೆನೋವು, ಕೀಲುನೋವು ಬಂದಾಗ ಆಸ್ಪಿರಿನ್ ಮಾತ್ರೆ ನುಂಗಿದವರು ನಿಮ್ಮ ಮನೆಯಲ್ಲೂ ಇರಬಹುದು. 1899ರಲ್ಲಿ ಈ ಹೆಸರು ಪಡೆದ ಔಷಧಿ ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆಂಬುದು ಎಪ್ಪತ್ತು ವರ್ಷ ಯಾರಿಗೂ ತಿಳಿದಿರಲಿಲ್ಲ ಎಂದರೆ ನಂಬುವಿರಾ? ಆ ಗುಟ್ಟನ್ನು ಬಿಡಿಸಿದವರು ಇಂಗ್ಲೆಂಡಿನ ಸರ್ ಜಾನ್ ವೇನ್.

ವೇನ್ 1927ರಲ್ಲಿ ಜನಿಸಿದರು. ಹನ್ನೆರಡನೆಯ ವಯಸ್ಸಿನಲ್ಲಿ ಹೆತ್ತವರು ರಸಾಯನ ಪ್ರಯೋಗದ ಪೆಟ್ಟಿಗೆಯೊಂದನ್ನು ಕೊಡಿಸಿದರು. ಹುಡುಗ ತಾಯಿಯ ಅಡುಗೆಮನೆಯ ಗ್ಯಾಸಿನಲ್ಲೇ ಪ್ರಯೋಗಕ್ಕಿಳಿದ. ಒಂದು ದಿನ ಸಣ್ಣ ಸ್ಫೋಟವಾಗಿ ಹೊಸದಾಗಿ ಬಳಿದ ಬಣ್ಣವೆಲ್ಲ ಕೆಟ್ಟುಹೋಯಿತು. ತಂದೆ ಪೆಟ್ಟಿಗೆಯನ್ನು ಕಿತ್ತುಕೊಳ್ಳಲಿಲ್ಲ, ತೋಟದಲ್ಲಿ ಮರದ ಶೆಡ್ ಹಾಕಿ ಗ್ಯಾಸು, ನೀರಿನ ವ್ಯವಸ್ಥೆ ಮಾಡಿಕೊಟ್ಟರು. (ಪೋಷಕರು ಈ ಸಾಲನ್ನು ಇನ್ನೊಮ್ಮೆ ಓದಬೇಕು!) ಆದರೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಅದೇ ರಸಾಯನಶಾಸ್ತ್ರ ಅವರಿಗೆ ಬೇಸರ ತಂದಿತು. ಪ್ರಾಧ್ಯಾಪಕರೊಬ್ಬರ ಸಲಹೆಯಂತೆ ಆಕ್ಸ್‌ಫರ್ಡಿಗೆ ಹೋಗಿ ಔಷಧಶಾಸ್ತ್ರ ಕಲಿತರು.

ಈಗ ವಿಷಯಕ್ಕೆ ಬರೋಣ. ಗಾಯವಾದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದನ್ನು ನೀವು ಬಲ್ಲಿರಿ. ಇದೇ ಉರಿಯೂತ. ಪೆಟ್ಟು ಬಿದ್ದಾಗ ಜೀವಕೋಶದ ಪೊರೆಯಿಂದ ಅರಾಕಿಡೋನಿಕ್ ಆಮ್ಲವೆಂಬ ಕೊಬ್ಬಿನಾಮ್ಲ ಬಿಡುಗಡೆಯಾಗುತ್ತದೆ. ಒಂದು ಕಿಣ್ವವು ಅದನ್ನು ಪ್ರೋಸ್ಟಗ್ಲ್ಯಾಂಡಿನ್ ಆಗಿ ಮಾರ್ಪಡಿಸುವ ಕೆಲಸವನ್ನು ಆರಂಭಿಸುತ್ತದೆ. ರಕ್ತನಾಳಗಳನ್ನು ಹಿಗ್ಗಿಸಿ ನೋವನ್ನು ಹೆಚ್ಚಿಸುವುದು ಈ ಪ್ರೋಸ್ಟಗ್ಲ್ಯಾಂಡಿನ್. 1971ರ ಒಂದು ವಾರಾಂತ್ಯ, ಲೇಖನ ಬರೆಯುತ್ತ ಕುಳಿತಿದ್ದ ವೇನ್ ಅವರಿಗೆ ಆಸ್ಪಿರಿನ್ ಈ ಕಿಣ್ವವನ್ನೇ ತಡೆಯುತ್ತಿರಬಹುದೆಂದು ಹೊಳೆಯಿತು. ಸೋಮವಾರವೇ ಗಿನಿ ಇಲಿಯ ಶ್ವಾಸಕೋಶವನ್ನು ಅರೆದು ಪರೀಕ್ಷಿಸಿದರು. ಊಹೆ ನಿಜವಾಗಿತ್ತು. ಆಸ್ಪಿರಿನ್ ಹೊಟ್ಟೆಯಲ್ಲಿ ಹುಣ್ಣು ಮಾಡುವುದೇಕೆಂಬುದಕ್ಕೂ ಇದರಲ್ಲೇ ಉತ್ತರವಿತ್ತು. ಜಠರದ ಒಳಪದರವನ್ನು ಕಾಯುವುದೂ ಪ್ರೋಸ್ಟಗ್ಲ್ಯಾಂಡಿನ್‌ಗಳೇ! ವೈದ್ಯರನ್ನು ಕೇಳದೆ, ಅದರಲ್ಲೂ ಮಕ್ಕಳಿಗೆ, ಈ ಮಾತ್ರೆ ಕೊಡಬೇಡಿ.

1982ರ ನೊಬೆಲ್ ಪ್ರಶಸ್ತಿಯನ್ನು ವೇನ್ ಅವರು ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಸ್ಯಾಮುಯೆಲ್ಸನ್ ಅವರೊಂದಿಗೆ ಹಂಚಿಕೊಂಡರು. ಉರಿಯೂತವು ಬೆಂಕಿಯಂತೆ ಸೌದೆ ಮುಗಿದಾಗ ತಾನೇ ಆರುತ್ತದೆಂದು ಬಹುಕಾಲ ಭಾವಿಸಲಾಗಿತ್ತು. ಹಾಗಲ್ಲ, ಅದನ್ನು ಆರಿಸುವ ಅಣುಗಳನ್ನೂ ದೇಹ ಕೊಬ್ಬಿನಾಮ್ಲಗಳಿಂದಲೇ ತಯಾರಿಸುತ್ತದೆ. ಅಂಥ ಲಿಪಾಕ್ಸಿನ್‌ಗಳನ್ನು 1984ರಲ್ಲಿ ಚಾರ್ಲ್ಸ್ ಸೆರ್ಹಾನ್ ಮತ್ತು ಸ್ಯಾಮುಯೆಲ್ಸನ್ ಕಂಡುಹಿಡಿದರು. ಆಸ್ಪಿರಿನ್ ಒಂದು ಬಗೆಯ ಕಿಣ್ವದ ಸ್ವರೂಪ ಬದಲಿಸಿ, ಲಿಪಾಕ್ಸಿನ್ ತಯಾರಿಗೂ ನೆರವಾಗುತ್ತದೆಂದು ಮುಂದೆ ತಿಳಿಯಿತು. ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬಿನಾಮ್ಲಗಳಿಂದ ಹುಟ್ಟುವ ಇನ್ನೊಂದು ಗುಂಪಿಗೆ 2002ರಲ್ಲಿ ರಿಸಾಲ್ವಿನ್ ಎಂದು ಹೆಸರಿಡಲಾಯಿತು. ಅದಾದ ಎರಡು ವರ್ಷಕ್ಕೆ, 2004ರ ನವೆಂಬರ್ 19ರಂದು, ವೇನ್ ನಿಧನರಾದರು.