ಬೀಳಗಿಯ ಗೋಹರ್‌ಬಾಯಿ

ವಿಜಯಪುರದಲ್ಲಿ ಅಮೀರಬಾಯಿ ಕರ್ನಾಟಕಿಯವರ ಹೆಸರನ್ನು ಕೇಳದ ಹಿರಿಯರು ವಿರಳ. ಅಮೀರ್ ಟಾಕೀಸ್ ಎಂಬ ಚಿತ್ರಮಂದಿರದ ನಿಮಿತ್ತದಿಂದಲಾದರೂ ಆ ಹೆಸರು ಊರವರ ನಾಲಗೆಯ ಮೇಲೆ ಉಳಿದುಕೊಂಡಿತು. ಆದರೆ ಆಕೆಯ ಸಹೋದರಿ ಗೋಹರ್‌ಬಾಯಿಯವರ ವಿಷಯವನ್ನೆತ್ತಿದರೆ ಕೇಳಿದವರು ತುಸು ಹೊತ್ತು ಸುಮ್ಮನಾಗುತ್ತಾರೆ. ನಮ್ಮ ಜಲನಗರದಲ್ಲಿ ಈ ಪ್ರಶ್ನೆಯನ್ನು ನಾನು ಹಲವರ ಮುಂದಿಟ್ಟು ನೋಡಿದ್ದೇನೆ. ಬಹುಮಂದಿ ಆಕೆಯನ್ನು ಬೇರೊಬ್ಬ ಗೋಹರ್ ಎಂದೇ ಭಾವಿಸಿದರು.

ಈ ಗೊಂದಲಕ್ಕೆ ಕಾರಣವಿಲ್ಲದಿಲ್ಲ. ಮೂವರು ಗೋಹರರು ನಮ್ಮ ದೇಶದ ಸಂಗೀತ ಮತ್ತು ಅಭಿನಯಗಳ ಇತಿಹಾಸದಲ್ಲಿ ಹೆಚ್ಚು ಕಡಿಮೆ ಒಂದರ ಬೆನ್ನಿಗೊಂದರಂತೆ ಬಂದುಹೋದರು. 1902ರಲ್ಲಿ ಗ್ರಾಮಫೋನಿನ ಕಹಳೆಯ ಮುಂದೆ ಹಾಡಿ ದೇಶದಾದ್ಯಂತ ಮನೆಮಾತಾದ ಕಲಕತ್ತೆಯ ಗೋಹರ್ ಜಾನ್ ಮೊದಲಿನವರು. ಅವರು ಕೊನೆಗಾಲದಲ್ಲಿ ಮೈಸೂರಿನ ಆಸ್ಥಾನವನ್ನು ಸೇರಿ, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಎರಡನೆಯವರು ಮುಂಬಯಿಯ ರಂಜಿತ್ ಚಿತ್ರಸಂಸ್ಥೆಯ ನಟಿ ಗೋಹರ್. ಮೂರನೆಯವರೇ ನಮ್ಮವರು, ಬೀಳಗಿಯವರು. ಹೆಸರಿನ ಮುಂದೆ ‘ಕರ್ನಾಟಕಿ’ ಎಂಬ ಪದವನ್ನು ಧರಿಸಿದವರು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ದೊರೆತುದು 1973ರಲ್ಲಿ. ಈ ಸೋದರಿಯರು ಅದಕ್ಕಿಂತ ಎಷ್ಟೋ ಮೊದಲೇ ಆ ಹೆಸರನ್ನು ಮುಂಬಯಿಯ ರಂಗಭೂಮಿಯಲ್ಲಿ, ಧ್ವನಿಮುದ್ರಿಕೆಗಳ ಮೇಲೆ, ಜಾಹೀರಾತಿನ ಹಾಳೆಗಳಲ್ಲಿ ಮೆರೆಸಿದ್ದರೆಂಬುದನ್ನು ವಾಚಕರು ಗಮನಿಸಬೇಕು.

ಬೀಳಗಿ ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದೆ. 1997ರವರೆಗೆ ಅದು ವಿಜಾಪುರ ಜಿಲ್ಲೆಯ ಊರೇ. ವಿಜಯಪುರದಿಂದ ದಕ್ಷಿಣಕ್ಕೆ ಹೊರಟು, ಕೊಲ್ಹಾರದ ಸೇತುವೆಯಲ್ಲಿ ಕೃಷ್ಣೆಯನ್ನು ದಾಟಿದರೆ ಆ ಸೀಮೆ ತೊಡಗುತ್ತದೆ. ತಂದೆ ಹುಸೇನಸಾಹೇಬರು ತಬಲಾ ಬಲ್ಲವರು. ತಾಯಿ ಅಮೀನಾಬಿ ಹಾಡುಗಾರ್ತಿ. ನಾಟಕ ಕಂಪನಿಗಳ ಒಡನಾಟವಿದ್ದ ಮನೆತನ. ಮನೆಯೊಳಗೆ ಉರ್ದು, ಓಣಿಯಲ್ಲಿ ಕನ್ನಡ, ರಂಗದ ಮೇಲೆ ಮರಾಠಿ. ಮುಂಬಯಿ ಇಲಾಖೆಯ ಈ ಭಾಗದಲ್ಲಿ ಕಲಾವಿದರ ಮಕ್ಕಳು ಹೀಗೆ ಮೂರು ಭಾಷೆಗಳನ್ನು ಆಟವಾಡುತ್ತಲೇ ಕಲಿಯುತ್ತಿದ್ದರು. ಸೋದರಿಯರಿಬ್ಬರೂ ಎಳೆಯ ವಯಸ್ಸಿನಲ್ಲಿಯೇ ಹಾಡಲು ಕಲಿತರು. ಇಬ್ಬರೂ ಮುಂಬಯಿಯ ಹಾದಿ ಹಿಡಿದರು. ಅಮೀರಬಾಯಿ ಚಲಚ್ಚಿತ್ರಗಳ ಹಿನ್ನೆಲೆಗಾಯನದಿಂದ, ಅದರಲ್ಲಿಯೂ 1943ರ ‘ಕಿಸ್ಮತ್’ ಚಿತ್ರದಿಂದ, ಅಪಾರ ಕೀರ್ತಿಯನ್ನು ಗಳಿಸಿದರು. ಗೋಹರ್‌ಬಾಯಿಯವರ ದೈವ ಬೇರೆ. ಅದು ಬಾಲಗಂಧರ್ವರೆಂಬ ಮಹಾನಟರ ದೈವದೊಡನೆ ಹೆಣೆದುಕೊಂಡಿತ್ತು. ಆದುದರಿಂದ ಅವರ ಜೀವನವನ್ನು ಹೇಳಬೇಕಾದರೆ ಕೆಲಕಾಲ ಅವರನ್ನು ಬೀಳಗಿಯಲ್ಲಿಯೇ ಬಿಟ್ಟು, ಒಂದು ನಾಟಕ ಮಂಡಳಿಯ ಕಥೆಯನ್ನು ಹೇಳುವುದು ಅನಿವಾರ್ಯ.

ಮರಾಠಿ ರಂಗಭೂಮಿಯ ಬೇರು ಕನ್ನಡ ನೆಲದಲ್ಲಿದೆಯೆಂಬುದು ಹೊಸ ಮಾತೇನಲ್ಲ. ಹೊನ್ನಾವರದ ಕಡೆಯ ಕರ್ಕಿಯ ಮೇಳದವರು ಸಾಂಗಲಿಯಲ್ಲಿ ಆಡಿದ ಆಟವನ್ನು ಕಂಡು ವಿಷ್ಣುದಾಸ ಭಾವೆಯವರು 1843ರಲ್ಲಿ ತಮ್ಮ ಮೊದಲ ನಾಟಕವನ್ನಾಡಿಸಿದರು. ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1880ರಲ್ಲಿ ಪುಣೆಯಲ್ಲಿ ಅವರ ‘ಸಂಗೀತ ಶಾಕುಂತಲ’ ರಂಗಕ್ಕೆ ಬಂದಿತು. ಅವರ ಮಂಡಳಿಯ ಪ್ರಾಣವಾಗಿದ್ದವರು ಭಾವೂರಾವ್ ಕೊಲ್ಹಟಕರ್. 1901ರಲ್ಲಿ ಅವರು ತೀರಿಕೊಂಡಾಗ ಕಂಪನಿಯ ಕಂಠವೇ ಉಡುಗಿಹೋಯಿತು. ಪಡದೆಗಳಿದ್ದವು, ಪದ್ಯಗಳಿದ್ದವು, ವಾದ್ಯದವರಿದ್ದರು, ಹಾಡುವವನಿರಲಿಲ್ಲ. 1905ರಲ್ಲಿ ಹದಿನೇಳರ ಹರೆಯದ ನಾರಾಯಣ ಶ್ರೀಪಾದ ರಾಜಹಂಸ ಎಂಬ ಹುಡುಗ ಆ ಮಂಡಳಿಯನ್ನು ಸೇರಿ ಶಕುಂತಲೆಯಾಗಿ ರಂಗಕ್ಕೆ ಬಂದನು. ಬಾಲ್ಯದಲ್ಲಿಯೇ ಆತನ ಹಾಡನ್ನು ಕೇಳಿ ಲೋಕಮಾನ್ಯ ಟಿಳಕರು ಬಾಲಗಂಧರ್ವನೆಂದು ಕರೆದಿದ್ದರು. ಬಾಡಿದ್ದ ಮಂಡಳಿ ಮತ್ತೆ ಚಿಗುರಿತು. ಹೊಸ ಗಾಯಕನೊಬ್ಬನಿಂದ ಹಳೆಯ ಮೇಳಕ್ಕೆ ಮರುಜೀವ ಬರುವುದೆಂದರೇನೆಂಬುದನ್ನು ಬಾಲಗಂಧರ್ವರು ತಮ್ಮ ಬಾಳಿನ ಮೊದಲ ಪಾಠವಾಗಿಯೇ ಕಂಡುಕೊಂಡರು.

ಮುಂದಿನ ವೈಭವವನ್ನು ಇಲ್ಲಿ ವಿಸ್ತರಿಸುವುದಿಲ್ಲ. 1911ರಲ್ಲಿ ‘ಮಾನಾಪಮಾನ’ದ ಮೊದಲ ಪ್ರಯೋಗದ ದಿನ ಮಗಳು ತೀರಿಕೊಂಡರೂ ಅವರು ಬಣ್ಣ ಹಚ್ಚಿ ರಂಗಕ್ಕೆ ನಡೆದರು. 1913ರಲ್ಲಿ ಗಂಧರ್ವ ನಾಟಕ ಮಂಡಳಿ ಹುಟ್ಟಿತು. 1916ರ ‘ಸ್ವಯಂವರ’ಕ್ಕೆ ಹಾಡು ಕೂಡಿಸಿದವರು ಭಾಸ್ಕರಬುವಾ ಬಖಲೆ, ಈ ಮಹನೀಯರು ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಕೆಲವು ವರ್ಷ ಸಂಗೀತಾಧ್ಯಾಪಕರಾಗಿದ್ದರೆಂದು ಕನ್ನಡಿಗರು ಅಭಿಮಾನದಿಂದ ನೆನೆಯಬಹುದು. ತಬಲಾಕ್ಕೆ ಅಹಮದಜಾನ್ ತಿರಖವಾ ಅವರಂಥವರು ಕುಳಿತ ಮಂಡಳಿಯದು. ಬಾಲಗಂಧರ್ವರು ಉಟ್ಟ ಸೀರೆಯನ್ನು ನೋಡಿ ಕುಲಸ್ತ್ರೀಯರು ತಾವು ಉಡುವುದನ್ನು ಕಲಿತರೆಂಬುದು ಉತ್ಪ್ರೇಕ್ಷೆಯಲ್ಲ. ಆದರೆ ನಿಜವಾದ ಜರತಾರಿ, ನಿಜವಾದ ಅತ್ತರು, ನಿಜವಾದ ಬೆಳ್ಳಿಯಲ್ಲದೆ ಒಪ್ಪದ ಆ ಸ್ವಭಾವದಿಂದ 1921ರ ಹೊತ್ತಿಗಾಗಲೇ ಮಂಡಳಿಯ ಮೇಲೆ ಲಕ್ಷಕ್ಕೆ ಮೀರಿದ ಸಾಲ ಕುಳಿತಿತ್ತು. ಈ ಇಸವಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

1931ರಲ್ಲಿ ಮಾತನಾಡುವ ಚಿತ್ರ ಬಂದಿತು. ನಾಟಕಗೃಹಗಳು ಒಂದೊಂದಾಗಿ ಚಿತ್ರಮಂದಿರಗಳಾದವು. ಕನ್ನಡ ಕಂಪನಿಗಳಿಗೂ ಇದೇ ಗತಿಯಾದುದನ್ನು ನಾವು ಬಲ್ಲೆವು. ಬಾಲಗಂಧರ್ವರು ಮಂಡಳಿಯನ್ನು ನಿಲ್ಲಿಸಿ ಪ್ರಭಾತ್ ಸಂಸ್ಥೆಯನ್ನು ಸೇರಿದರು. 1935ರ ‘ಧರ್ಮಾತ್ಮಾ’ ಚಿತ್ರದಲ್ಲಿ ಸಂತ ಏಕನಾಥರಾದರು. ಹೆಣ್ಣಾಗಿಯೇ ಅವರನ್ನು ಪ್ರೀತಿಸಿದ್ದ ಜನ ಗಡ್ಡಮೀಸೆಯ ಬಾಲಗಂಧರ್ವರನ್ನು ಮನಸಾರೆ ಒಪ್ಪಲಿಲ್ಲ. ಕ್ಯಾಮೆರಾದ ಮುಂದೆ ತುಣುಕು ತುಣುಕಾಗಿ ಅಭಿನಯಿಸುವುದು ಅವರಿಗೂ ಒಗ್ಗಲಿಲ್ಲ. ಒಂದು ಪದವನ್ನು ಮತ್ತೆ ಮತ್ತೆ ಹಾಡಿಸಿಕೊಳ್ಳುವ ಪ್ರೇಕ್ಷಕನೆಲ್ಲಿ, ಚಿತ್ರೀಕರಣದ ಗಡಿಯಾರವೆಲ್ಲಿ! ಅವರು ಪುನಃ ರಂಗಕ್ಕೆ ಮರಳಿದರು. ಆಗ ಅವರಿಗೆ ಐವತ್ತು ಸಮೀಪಿಸಿತ್ತು.

1938ರಲ್ಲಿ ಗೋಹರ್‌ಬಾಯಿ ಮಂಡಳಿಯನ್ನು ಪ್ರವೇಶಿಸಿದುದು ಈ ಸ್ಥಿತಿಯಲ್ಲಿ.

ಇಲ್ಲಿ ಒಂದು ದೂರದ ಹೋಲಿಕೆಯನ್ನು ಹೇಳಲು ಅಪ್ಪಣೆ ಬೇಡುತ್ತೇನೆ. ನಮ್ಮ ಓಣಿಯ ತರುಣನೊಬ್ಬನಿಗೆ ಮೆಟಲ್ ಎಂಬ ಪಾಶ್ಚಾತ್ಯ ಸಂಗೀತದ ಹುಚ್ಚು. ಕಾಕಾ, ಒಂದು ಸಲ ಕೇಳಿ ನೋಡಿರಿ ಎಂದು ಅವನು ಆಗಾಗ ನನ್ನ ಕಿವಿಯನ್ನು ಪರೀಕ್ಷಿಸುವುದುಂಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬತ್ ಎಂಬ ಮೇಳ 1979ರಲ್ಲಿ ತನ್ನ ಗಾಯಕ ಓಝಿ ಆಸ್ಬೋರ್ನನನ್ನು ಹೊರಹಾಕಿತಂತೆ. ಇನ್ನು ಮುಗಿಯಿತೆಂದು ಎಲ್ಲರೂ ತಿಳಿದಾಗ ರೋನಿ ಜೇಮ್ಸ್ ಡಿಯೊ ಎಂಬ ಹೊಸ ಗಾಯಕನನ್ನು ಕರೆತಂದು 1980ರಲ್ಲಿ ‘ಹೆವನ್ ಅಂಡ್ ಹೆಲ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದು ಗೆದ್ದಿತಂತೆ. ಹಳಬನೇ ಮೇಲು, ಹೊಸಬನೇ ಮೇಲು ಎಂಬ ಜಗಳ ಅದರ ಅಭಿಮಾನಿಗಳಲ್ಲಿ ಇನ್ನೂ ನಡೆದಿದೆಯೆಂದು ಆ ಹುಡುಗ ಹೇಳಿದಾಗ ನನಗೆ ನಗು ಬಂದಿತು. ಆ ಗದ್ದಲವನ್ನು ಸಂಗೀತವೆಂದು ಒಪ್ಪಲು ನನ್ನ ಕಿವಿ ಇನ್ನೂ ಸಿದ್ಧವಾಗಿಲ್ಲ. ಆದರೆ ಜಗಳ ಮಾತ್ರ ನಮ್ಮದೇ. ಪರಿಚಿತ ಕಂಠದ ಜಾಗದಲ್ಲಿ ಅಪರಿಚಿತ ಕಂಠ ಕೇಳಿದೊಡನೆ ರಸಿಕನಿಗೆ ತನ್ನ ಮನೆಗೆ ಯಾರೋ ನುಗ್ಗಿದಂತಾಗುತ್ತದೆ.

ಆದರೆ ಡಿಯೊನಿಗಿದ್ದ ಒಂದು ಅನುಕೂಲ ಗೋಹರ್‌ಬಾಯಿಯವರಿಗೆ ಇರಲಿಲ್ಲ. ಅಲ್ಲಿ ಹಳಬ ಹೊರಟುಹೋಗಿದ್ದ. ಹೊಸಬ ತನ್ನ ದಾರಿಯಲ್ಲಿ ಹಾಡಬಹುದಾಗಿತ್ತು. ಇಲ್ಲಿ ಹಳಬರು ರಂಗದ ಮೇಲೆಯೇ ಇದ್ದರು. ಗೋಹರ್‌ಬಾಯಿ ನಾಯಿಕೆಯ ಪಾತ್ರಗಳನ್ನು ವಹಿಸತೊಡಗಿದಾಗ ಬಾಲಗಂಧರ್ವರು ಕೆಲವು ನಾಟಕಗಳಲ್ಲಿ ಪುರುಷಪಾತ್ರಕ್ಕೆ ಸರಿದು ಅವರೆದುರಿಗೇ ನಿಂತರು. ರುಕ್ಮಿಣಿಯೆಂದರೆ, ಭಾಮಿನಿಯೆಂದರೆ, ಸಿಂಧುವೆಂದರೆ ಇವರೇ ಎಂದು ಮೂವತ್ತು ವರ್ಷ ನಂಬಿದ್ದ ಜನರ ಮುಂದೆ ಬೇರೊಬ್ಬಳು ಆ ಸೀರೆಯನ್ನುಟ್ಟು ಬರುವುದು ಸಾಮಾನ್ಯ ಧೈರ್ಯವಲ್ಲ. ವಿಚಿತ್ರವೆಂದರೆ, ಗಂಡಸು ಕಲ್ಪಿಸಿಕೊಟ್ಟ ಹೆಣ್ತನದೊಡನೆ ಹೋಲಿಸಿ ನಿಜವಾದ ಹೆಣ್ಣಿಗೆ ಕಡಿಮೆ ಅಂಕ ಕೊಟ್ಟರು!

ಹೆಂಗಸರು ರಂಗಕ್ಕೆ ಬಂದುದು ಅದೇ ಮೊದಲೇನೂ ಅಲ್ಲ. ಕನ್ನಡದ ಕಂಪನಿಗಳಲ್ಲಿ ನಟಿಯರು ಆ ಮೊದಲೇ ಹೆಸರಾಗಿದ್ದರು. ಮರಾಠಿಯಲ್ಲಿ ಹೀರಾಬಾಯಿ ಬಡೋದೇಕರರು ತಮ್ಮದೇ ನಾಟಕ ಸಂಸ್ಥೆಯನ್ನು ಕಟ್ಟಿದ್ದರು. 1933ರ ‘ಆಂಧಳ್ಯಾಂಚಿ ಶಾಳಾ’ದಲ್ಲಿ ಜ್ಯೋತ್ಸ್ನಾ ಭೋಳೆಯವರನ್ನು ಜನ ಮೆಚ್ಚಿದ್ದರು. ಕುಂದಗೋಳದ ಸವಾಯಿ ಗಂಧರ್ವರೂ ಒಂದು ಕಾಲಕ್ಕೆ ಸೀರೆಯುಟ್ಟು ರಂಗದ ಮೇಲೆ ಹಾಡಿದವರೇ. ಆದರೆ ಆ ಕಾಲ ಮುಗಿಯುತ್ತ ಬಂದಿತ್ತು. ಅಂದಮೇಲೆ ಗಂಧರ್ವ ಮಂಡಳಿಗೆ ನಟಿಯೊಬ್ಬಳು ಬಂದುದು ಕಾಲಧರ್ಮವೇ ಹೊರತು ಅಪಚಾರವಲ್ಲ. ಆದರೂ ಬೇರೆಯವರಿಗೆ ಸಂದ ಸಹನೆ ಗೋಹರ್‌ಬಾಯಿಯವರಿಗೆ ಸಲ್ಲಲಿಲ್ಲ. ಅವರು ಮುಸಲ್ಮಾನರು, ಕನ್ನಡ ಸೀಮೆಯವರು, ಹಾಡುಗಾರ್ತಿಯರ ಮನೆಯವರು. ಮೇಲಾಗಿ ಗೃಹಸ್ಥರಾದ ಮಂಡಳಿಯ ಒಡೆಯರ ಒಲವನ್ನು ಪಡೆದವರು. ಮನೆಯವರು ಮುನಿದರು; ಹಳೆಯ ಸಂಗಾತಿಗಳಲ್ಲಿ ಕೆಲವರು ದೂರವಾದರು. ಬಾಲಗಂಧರ್ವರ ಪತ್ನಿ ಲಕ್ಷ್ಮೀಬಾಯಿಯವರು 1940ರಲ್ಲಿ ತೀರಿಕೊಂಡರು. ಆ ಸಾಧ್ವಿಯ ದುಃಖವನ್ನು ನಾನು ಅಲ್ಲಗಳೆಯುವುದಿಲ್ಲ. ಅದನ್ನು ಅಲ್ಲಗಳೆದು ಗೋಹರ್‌ಬಾಯಿಯವರನ್ನು ಹೊಗಳುವುದು ಸಹೃದಯತೆಯಾಗದು.

ಆದರೆ ಮಂಡಳಿ ಹಾಳಾದುದೇ ಈಕೆಯಿಂದ ಎಂಬ ಮಾತು ಹಬ್ಬಿ, ಅದೇ ಚರಿತ್ರೆಯೆಂಬಂತೆ ನಿಂತಿತಲ್ಲ, ಅದನ್ನು ಮಾತ್ರ ನಾನು ಒಪ್ಪಲಾರೆ. ಮೇಲೆ ಹೇಳಿದ ಇಸವಿಗಳನ್ನು ವಾಚಕರೇ ಒಂದರ ಮುಂದೊಂದಿಟ್ಟು ನೋಡಲಿ. ಸಾಲ 1921ಕ್ಕೆ ಮೊದಲಿನದು. ಟಾಕಿ 1931ರದು. ಮಂಡಳಿಯ ಬಾಗಿಲು ಮುಚ್ಚಿ ಬಾಲಗಂಧರ್ವರು ಚಿತ್ರಕ್ಕೆ ಹೋದುದು 1935ರ ಸುಮಾರಿಗೆ. ಗೋಹರ್‌ಬಾಯಿ ಕಾಲಿಟ್ಟುದು 1938ರಲ್ಲಿ. ಅಷ್ಟರಲ್ಲಿ ಹಡಗು ಮುಳುಗಿಯಾಗಿತ್ತು. ತೇಲುತ್ತಿದ್ದ ಹಲಗೆಯೊಂದನ್ನು ಹಿಡಿದುಕೊಳ್ಳಲು ಆಕೆ ಬಂದರು. ಬಾಲಗಂಧರ್ವರ ಗಾಯನವನ್ನು ಆಕೆ ಎಷ್ಟರಮಟ್ಟಿಗೆ ಅರಗಿಸಿಕೊಂಡಿದ್ದರೆಂದರೆ, ತಾನಿನ ತಿರುವಿನಲ್ಲಿ, ಶಬ್ದವನ್ನು ಮೆಲ್ಲಗೆ ಬಿಡಿಸಿಡುವ ಬಗೆಯಲ್ಲಿ ಅವರದೇ ಛಾಯೆ. ಇದನ್ನು ಅನುಕರಣೆಯೆಂದು ಜರೆದವರಿದ್ದಾರೆ. ಗುರುವಿನ ಬಳಿ ಕುಳಿತು ಕಲಿತವನು ಹೀಗೆ ಹಾಡಿದರೆ ಅದಕ್ಕೆ ಪರಂಪರೆಯೆಂದು ಹೆಸರು. ಬೀಳಗಿಯ ಹೆಣ್ಣುಮಗಳು ಹಾಡಿದರೆ ಅನುಕರಣೆ! ಆ ಕಂಠ ಅದೇ ಸಂಪ್ರದಾಯದ್ದಾಗಿದ್ದುದರಿಂದಲೇ ‘ಸ್ವಯಂವರ’ ‘ಮಾನಾಪಮಾನ’ಗಳ ಪದಗಳು, ಒಡೆಯರ ದೇಹ ಸೋತ ಮೇಲೂ ರಂಗದ ಮೇಲೆ ಕೇಳಿಬರುವಂತಾಯಿತು.

ಹಿಂದಿನ ವೈಭವ ಮರಳಿ ಬಂದಿತೆಂದು ಹೇಳಿದರೆ ಸುಳ್ಳಾದೀತು. 1905ರ ಪವಾಡ 1938ರಲ್ಲಿ ನಡೆಯಲಿಲ್ಲ. ದೊಡ್ಡ ನಗರಗಳ ನಾಟಕಗೃಹಗಳ ಬದಲು ಸಣ್ಣ ಊರುಗಳು, ಬೆಳ್ಳಿಯ ಬದಲು ಬೇಗಡೆ, ಮೇಳದಲ್ಲಿ ಬೆರಳೆಣಿಕೆಯ ಜನ. ಹಾಗಿದ್ದೂ ಮಂಡಳಿ ಊರೂರು ತಿರುಗಿತು.

1951ರಲ್ಲಿ ಇಬ್ಬರೂ ವಿವಾಹವಾದರು. ಮುಂದೆ ಬಾಲಗಂಧರ್ವರ ಕಾಲುಗಳು ಶಕ್ತಿಗುಂದಿದವು. ಹೆಜ್ಜೆಯ ಲಾಲಿತ್ಯಕ್ಕೆ ಹೆಸರಾದ ನಟ ಎದ್ದು ನಿಲ್ಲಲು ಪರರ ಕೈ ಹಿಡಿಯಬೇಕಾಯಿತು. ನಾಟಕ ಹೋಗಿ ಭಜನೆ ಉಳಿಯಿತು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಗೌರವ ಅವರಿಗೆ ಸಂದಿತು. ಮುಂಬಯಿಯ ಮಾಹೀಮದ ಬಡಮನೆಯಲ್ಲಿ ಎತ್ತಿ ಕೂರಿಸಿ, ಉಣಿಸಿ ತಿನಿಸಿ, ಬಂದ ಅತಿಥಿಗಳನ್ನು ವಿಚಾರಿಸಿ, ದಿನ ದೂಡಿದವರು ಗೋಹರ್‌ಬಾಯಿ. ಹಣಕ್ಕಾಗಿ ಬಂದವಳೆಂದು ಆಡಿಕೊಂಡವರು ಈ ವರ್ಷಗಳ ಲೆಕ್ಕವನ್ನು ಹಿಡಿದಂತೆ ಕಾಣುವುದಿಲ್ಲ. ಅಲ್ಲಿ ಹಣವೇ ಇರಲಿಲ್ಲ. ಹಾಡಿ ಗಳಿಸಬಲ್ಲ ಹೆಂಗಸಿಗೆ ಬಿಟ್ಟು ಹೋಗಲು ಇಪ್ಪತ್ತಾರು ವರ್ಷಗಳ ಅವಧಿಯಿತ್ತು, ಆಕೆ ಹೋಗಲಿಲ್ಲ.

1964ರಲ್ಲಿ ಭಾರತ ಸರಕಾರ ಬಾಲಗಂಧರ್ವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. ಅದೇ ವರ್ಷ ಗೋಹರ್‌ಬಾಯಿ ತೀರಿಕೊಂಡರು. ಮರುವರ್ಷ ಮಾರ್ಚಿಯಲ್ಲಿ ಅಮೀರಬಾಯಿ ಹೋದರು. 1967ರ ಜುಲೈ 15ರಂದು ಬಾಲಗಂಧರ್ವರ ಕಂಠವೂ ನಿಂತಿತು. ಮರುವರ್ಷ ಅವರ ಹುಟ್ಟುಹಬ್ಬದ ದಿನ ಪುಣೆಯಲ್ಲಿ ಅವರ ಹೆಸರಿನ ಭವ್ಯ ರಂಗಮಂದಿರದ ಬಾಗಿಲು ತೆರೆಯಿತು. ಗೋಹರ್‌ಬಾಯಿಯವರ ಹೆಸರು ಉಳಿದಿರುವುದು ಕೆಲವು ಹಳೆಯ ಗ್ರಾಮಫೋನು ತಟ್ಟೆಗಳ ನಡುವಿನ ದುಂಡು ಕಾಗದದ ಮೇಲೆ.