ಕಲ್ಲಹಳ್ಳಿಯ ಮಂಗರಸ: ಬದುಕು ಮತ್ತು ಓದಿನ ಪ್ರವೇಶ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಮಂಗರಸ ಅಥವಾ ಮಂಗರಾಜ ಎಂಬ ಹೆಸರಿನ ಕವಿಗಳು ಮೂವರು. ವಿಷವೈದ್ಯವನ್ನು ಕುರಿತ 'ಖಗೇಂದ್ರಮಣಿದರ್ಪಣ'ದ ಕರ್ತೃ ಮೊದಲನೆಯವನು. ನಿಘಂಟುಕಾರನಾದ ಅಭಿನವ ಮಂಗರಾಜ ಎರಡನೆಯವನು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವನು ಮೂರನೆಯವನು. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯಿಂದ ಬಳಕೆಗೆ ಬಂದ ಈ ಕ್ರಮಸಂಖ್ಯೆ ಗೊಂದಲವನ್ನು ನಿವಾರಿಸಿತೆಂಬುದು ನಿಜ. ಆದರೆ ಮೂರನೆಯ ಮಂಗರಸನನ್ನು ಒಂದು ಸಂಖ್ಯೆಯಾಗಿ, ಒಂದು ಕೃತಿಪಟ್ಟಿಯಾಗಿ ಮಾತ್ರ ನೆನೆಯುವ ರೂಢಿಗೂ ಅದು ಸ್ವಲ್ಪ ಮಟ್ಟಿಗೆ ಕಾರಣವಾಗಿದೆ. 'ಜಯನೃಪಕಾವ್ಯ', 'ಪ್ರಭಂಜನಚರಿತೆ', 'ಶ್ರೀಪಾಲಚರಿತೆ', 'ಸಮ್ಯಕ್ತ್ವಕೌಮುದಿ', 'ನೇಮಿಜಿನೇಶಸಂಗತಿ' ಮತ್ತು 'ಸೂಪಶಾಸ್ತ್ರ' ಎಂಬ ಆರು ಕೃತಿಗಳ ಈ ಕವಿಯನ್ನು ಎಲ್ಲಿಂದ ಓದತೊಡಗಬೇಕೆಂಬ ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು. ವಸ್ತುತಃ, ಪ್ರವೇಶದ್ವಾರ ಬದಲಾದರೆ ಕವಿಯೇ ಬದಲಾಗಿ ಕಾಣುತ್ತಾನೆ.

ಅವನ ಮನೆತನದ ಹಿನ್ನೆಲೆಯನ್ನು ಮೊದಲು ಗಮನಿಸಬೇಕು. ಮಂಗರಸ ಚೆಂಗಾಳ್ವರ ಸಚಿವಕುಲಕ್ಕೆ ಸೇರಿದವನು. ತಂದೆ ಕಲ್ಲಹಳ್ಳಿಯ ಪ್ರಭು ವಿಜಯಭೂಪಾಲ, ತಾಯಿ ದೇವಿಲೆ, ಗುರು ಚಿಕ್ಕಪ್ರಭೇಂದು. ಹೀಗೆ ಆಡಳಿತದ ಹೊಣೆ ಮತ್ತು ಜಿನಧರ್ಮದ ಶ್ರದ್ಧೆ ಎರಡೂ ಅವನಿಗೆ ಹುಟ್ಟಿನಿಂದಲೇ ಬಂದವು. ಅವನ ಕಾಲವನ್ನು ನಿರ್ಣಯಿಸುವಲ್ಲಿ ವಿದ್ವಾಂಸರಿಗೆ ಆಧಾರವಾದದ್ದು 'ಸಮ್ಯಕ್ತ್ವಕೌಮುದಿ', ಅದು ಕ್ರಿ.ಶ. 1508ರ ಸುಮಾರಿನ ರಚನೆ. ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದೂ ಇದೇ ಹೊತ್ತಿನಲ್ಲಿ, 1509ರಲ್ಲಿ. ನಾಲ್ಕು ಶತಮಾನಗಳ ತರುವಾಯ ಕಲ್ಲಹಳ್ಳಿ ಡಿ. ದೇವರಾಜ ಅರಸು ಅವರ ಊರೆಂದು ನಾಡಿಗೆಲ್ಲ ಪರಿಚಿತವಾಯಿತು. ಅಲ್ಲಿನ ಕವಿಯ ಹೆಸರು ಸಾಹಿತ್ಯದ ವಿದ್ಯಾರ್ಥಿಗಳ ನಡುವೆಯೇ ಉಳಿಯಿತು.

ಮಂಗರಸ ಬಾಳಿದ ಸೀಮೆಯ ಧಾರ್ಮಿಕ ಚರಿತ್ರೆ ಅವನ ಕೃತಿಗಳನ್ನು ಅರ್ಥೈಸಲು ಬಹುಮುಖ್ಯವಾದುದು. ಇಂದಿನ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ಭಾಗ ಒಂದು ಕಾಲಕ್ಕೆ ಜೈನರ ಪ್ರಬಲ ನೆಲೆಯಾಗಿತ್ತು. ಕೃಷ್ಣರಾಜನಗರ ಸೀಮೆಯ ಹನಸೋಗೆಯು ದೇಸಿಗಣ, ಪುಸ್ತಕಗಚ್ಛದ ಮುನಿಪರಂಪರೆಯೊಂದಕ್ಕೆ ತನ್ನ ಹೆಸರನ್ನೇ ಕೊಟ್ಟ ಊರು. ಹನ್ನೊಂದನೆಯ ಶತಮಾನದ ಚೆಂಗಾಳ್ವ ಅರಸರು ಅಲ್ಲಿನ ಬಸದಿಗಳಿಗೆ ಆಶ್ರಯದಾತರಾಗಿದ್ದರೆಂಬುದನ್ನು ಶಾಸನಗಳು ತಿಳಿಸುತ್ತವೆ. ಹುಣಸೂರು ತಾಲ್ಲೂಕಿನ ಬಿಳಿಕೆರೆಯ ಬಳಿಯ ಗೊಮ್ಮಟಗಿರಿಯಲ್ಲಿ ಬಾಹುಬಲಿಯ ಮೂರ್ತಿ ಇಂದಿಗೂ ಬಂಡೆಯ ನೆತ್ತಿಯ ಮೇಲೆ ನಿಂತಿದೆ. ಆದರೆ ಮಂಗರಸನ ಕಾಲಕ್ಕೆ ಚೆಂಗಾಳ್ವರು ಶೈವರಾಗಿದ್ದರು. ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನ ಅವರ ಮನೆದೇವರು. ಅರಸು ಶೈವ, ಸಚಿವಕುಲದವನು ಜೈನ ಎಂಬ ಈ ಸನ್ನಿವೇಶವನ್ನು ಕೇವಲ ಸಂಘರ್ಷವೆಂದು ಬಗೆಯುವುದು ಸರಿಯಲ್ಲ. 1509ರ ಸುಮಾರಿಗೆ ಚೆಂಗಾಳ್ವ ಮಹಾದೇವನ ಮಂತ್ರಿ ಚೆನ್ನಬೊಮ್ಮರಸನು ನಂಜರಾಯಪಟ್ಟಣದ ಶ್ರಾವಕರೊಡನೆ ಸೇರಿ ಶ್ರವಣಬೆಳಗೊಳದ ಗೊಮ್ಮಟಸ್ವಾಮಿಯ ಬಲ್ಲಿವಾಡವನ್ನು ಜೀರ್ಣೋದ್ಧಾರ ಮಾಡಿಸಿದನೆಂದು ಶಾಸನವಿದೆ. ಶೈವ ಪ್ರಭುತ್ವದ ಕೆಳಗೆ ಜೈನ ಅಧಿಕಾರಿವರ್ಗ ತನ್ನ ಶ್ರದ್ಧೆಯನ್ನು ಬಹಿರಂಗವಾಗಿಯೇ ನಡೆಸಿಕೊಂಡು ಬರುತ್ತಿತ್ತು. ಒಬ್ಬ ಮಂತ್ರಿ ಕಲ್ಲುಗಾರೆಯಲ್ಲಿ ಮಾಡಿಸಿದ್ದನ್ನು ಇನ್ನೊಬ್ಬ ಸಚಿವಕುಲಜನು ಅದೇ ವರ್ಷಗಳಲ್ಲಿ ಷಟ್ಪದಿಯಲ್ಲಿ ಮಾಡಿದನೆನ್ನಬಹುದು. ಆದರೂ ರಾಜಾಶ್ರಯದ ಆಧಾರ ಸಡಿಲವಾದಾಗ ಶ್ರದ್ಧೆಯು ಯಾವುದರ ಮೇಲೆ ನಿಲ್ಲಬೇಕೆಂಬ ಪ್ರಶ್ನೆ ಈ ಸಮುದಾಯದ ಮುಂದೆ ಇದ್ದೇ ಇತ್ತು.

ಇಂದಿನ ಓದುಗರು ಬಹುಮಟ್ಟಿಗೆ ಮಂಗರಸನನ್ನು ಪ್ರವೇಶಿಸುವುದು 'ಸೂಪಶಾಸ್ತ್ರ'ದ ಮೂಲಕ. ವಾರ್ಧಕ ಷಟ್ಪದಿಯ ಈ ಪಾಕಗ್ರಂಥದಲ್ಲಿ ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಬದನೆ, ಬಾಳೆ, ಹಲಸುಗಳ ಅಡುಗೆಗಳು ವಿವರವಾಗಿ ಬಂದಿವೆ. ಆಹಾರ ಚರಿತ್ರೆಯ ಅಧ್ಯಯನ ಬೆಳೆದಂತೆ ಇದಕ್ಕೆ ಪ್ರಸಿದ್ಧಿ ಹೆಚ್ಚಿತು. ಈ ಪ್ರಸಿದ್ಧಿ ನ್ಯಾಯವಾದುದೇ. ಆದರೆ ಇಲ್ಲಿಂದ ಆರಂಭಿಸುವವರಿಗೆ ಮಂಗರಸ ರಸಿಕನಾದ ಒಬ್ಬ ಪಾಳೆಯಗಾರನಂತೆ ಕಾಣುತ್ತಾನೆ. ಉಳಿದ ಐದು ಕೃತಿಗಳು ಮತೀಯ ಕರ್ತವ್ಯಕ್ಕಾಗಿ ಬರೆದವೆಂಬ ಭಾವನೆ ಮೂಡುತ್ತದೆ. 'ಸೂಪಶಾಸ್ತ್ರ'ದ ಅಡುಗೆಯೆಲ್ಲವೂ ಸಸ್ಯಾಹಾರ. 1025ರ 'ಲೋಕೋಪಕಾರ'ದಲ್ಲಿ ಎರಡನೆಯ ಚಾವುಂಡರಾಯನು ಪಾಕವಿಷಯಕ್ಕೆ ಸ್ಥಾನವಿತ್ತಂದಿನಿಂದ ಕನ್ನಡ ಕವಿಗಳಿಗೆ ಈ ಶಾಸ್ತ್ರ ಹೊಸದಲ್ಲ. ಅಹಿಂಸಾವ್ರತಿಗೆ ಊಟದ ಎಲೆಯೂ ಆಚಾರದ ಕ್ಷೇತ್ರವೇ ಆದುದರಿಂದ, ಈ ಗ್ರಂಥದ ಹಿಂದಿರುವ ಶ್ರಾವಕನನ್ನು ಕಾಣಬೇಕಾದರೆ ಬೇರೆಡೆಯಿಂದ ಬರಬೇಕಾಗುತ್ತದೆ.

ಹಾಗೆ ಬರಲು ಯೋಗ್ಯವಾದ ಕೃತಿ 'ಸಮ್ಯಕ್ತ್ವಕೌಮುದಿ'. ಸಂಸ್ಕೃತದಲ್ಲಿ ಪ್ರಸಿದ್ಧವಾಗಿದ್ದ ಈ ಕಥಾಮಾಲೆಯ ಹಂದರ ಸರಳ. ಕೌಮುದೀ ಉತ್ಸವದ ರಾತ್ರಿ ಉದಿತೋದಯ ರಾಜನು ಮಂತ್ರಿಯೊಡನೆ ಮರೆವೇಷದಲ್ಲಿ ಊರು ತಿರುಗುತ್ತ ಅರ್ಹದ್ದಾಸನೆಂಬ ವೈಶ್ಯನ ಮನೆಯ ಬಳಿ ನಿಲ್ಲುತ್ತಾನೆ. ಒಳಗೆ ಅರ್ಹದ್ದಾಸನೂ ಅವನ ಹೆಂಡತಿಯರೂ ತಮಗೆ ಸಮ್ಯಕ್ತ್ವ ದೊರೆತ ಬಗೆಯನ್ನು ಒಂದೊಂದು ಕಥೆಯಾಗಿ ಹೇಳಿಕೊಳ್ಳುತ್ತಿರುತ್ತಾರೆ. ಎಲ್ಲರೂ ಅವನ್ನು ನಂಬಿದರೂ ಕಿರಿಯ ಹೆಂಡತಿ ಕುಂದಲತೆ ಮಾತ್ರ ಪ್ರತಿ ಕಥೆಗೂ ತಾನು ನಂಬುವುದಿಲ್ಲವೆನ್ನುತ್ತಾಳೆ. ಹೊರಗೆ ಕೇಳುತ್ತಿದ್ದ ರಾಜನಿಗೆ ಅವಳ ಮೇಲೆ ಸಿಟ್ಟು. ಬೆಳಗಾದ ಮೇಲೆ ವಿಚಾರಿಸಿದಾಗ ತಿಳಿಯುವುದೇ ಬೇರೆ: ಇಷ್ಟೆಲ್ಲ ಕಂಡೂ ಕೇಳಿಯೂ ಭೋಗವನ್ನು ಬಿಡದವರ ನಂಬಿಕೆಯನ್ನೇ ಅವಳು ನಂಬಿರಲಿಲ್ಲ. ದೀಕ್ಷೆಗೆ ಮೊದಲು ಮನಸ್ಸು ಮಾಡಿದವಳೂ ಅವಳೇ.

ಪರಂಪರೆಯಿಂದ ಬಂದ ಈ ಕಥೆಯನ್ನು ಕಲ್ಲಹಳ್ಳಿಯ ಪ್ರಭು ಆರಿಸಿಕೊಂಡದ್ದು ಅರ್ಥಪೂರ್ಣವಾಗಿದೆ. ಅರಸು ಮನೆಯ ಹೊರಗೆ ನಿಂತು ಕೇಳುವವನು. ಧರ್ಮ ನಡೆಯುತ್ತಿರುವುದು ಒಬ್ಬ ಗೃಹಸ್ಥನ ಒಳಮನೆಯಲ್ಲಿ. ಅಲ್ಲಿಯೂ ಹುಟ್ಟಿನಿಂದ ಬಂದ ಶ್ರದ್ಧೆ ಸಾಲದೆಂದು ಎಚ್ಚರಿಸುವವಳು ಒಬ್ಬ ಹೆಣ್ಣು. ಸಚಿವಕುಲದಲ್ಲಿ ಹುಟ್ಟಿ, ಭೋಗಕ್ಕೆ ಕೊರತೆಯಿಲ್ಲದ ಕವಿಗೆ ಕುಂದಲತೆಯ ಆಕ್ಷೇಪ ತನ್ನ ವರ್ಗದ ಮೇಲಿನ ಆಕ್ಷೇಪವಾಗಿಯೂ ಕೇಳಿಸಿರಲು ಸಾಧ್ಯ. ಕಾಲನಿರ್ಣಯಕ್ಕೆ ನೆರವಾಗುವ ಕೃತಿಯೂ ಇದೇ ಆಗಿರುವುದು ಸಂಶೋಧಕರಿಗೆ ಇನ್ನೊಂದು ಅನುಕೂಲ.

ಇದನ್ನು ಓದಿ 'ಸೂಪಶಾಸ್ತ್ರ'ಕ್ಕೆ ಹೋದವರಿಗೆ ಅದರ ರುಚಿಗಳ ಹಿಂದಿನ ವಿವೇಕ ತಾನಾಗಿ ತೋರುತ್ತದೆ. 'ಜಯನೃಪಕಾವ್ಯ' ಪರಿವರ್ಧಿನಿ ಷಟ್ಪದಿಯಲ್ಲಿದೆ. ಜಿನಸೇನರ ಪುರಾಣದ ಜಯಕುಮಾರ ಅದರ ನಾಯಕ. ಸ್ವಯಂವರ, ಯುದ್ಧಗಳ ಈ ರಾಜಕಥೆಯಲ್ಲಿ ಪ್ರೌಢ ವರ್ಣನೆಯನ್ನು ಬಯಸುವವರಿಗೆ ಬೇಕಾದಷ್ಟು ಸಾಮಗ್ರಿಯಿದೆ. ಚಂಪೂವನ್ನು ಕೈಬಿಟ್ಟು ಷಟ್ಪದಿ, ಸಾಂಗತ್ಯಗಳಿಗೆ ಜೈನ ಕವಿಗಳು ತಿರುಗಿದ ಬಗೆಯನ್ನು ಅಭ್ಯಸಿಸಲು ಮಂಗರಸನಷ್ಟು ಅನುಕೂಲವಾದ ಕವಿಗಳು ಕಡಿಮೆ, ಏಕೆಂದರೆ ಅವನಲ್ಲಿ ಎರಡೂ ಇವೆ. 'ಪ್ರಭಂಜನಚರಿತೆ', 'ಶ್ರೀಪಾಲಚರಿತೆ', 'ನೇಮಿಜಿನೇಶಸಂಗತಿ'ಗಳು ಸಾಂಗತ್ಯದಲ್ಲಿವೆ. ಮೊದಲೆರಡನ್ನು ಕಥೆಯ ಓಟಕ್ಕಾಗಿ ಓದಬಹುದು. ಅವು ಹೆಚ್ಚಿನದನ್ನು ಬೇಡುವುದಿಲ್ಲ.

'ನೇಮಿಜಿನೇಶಸಂಗತಿ'ಯ ಮಾತು ಹಾಗಲ್ಲ. ಕೃಷ್ಣ, ಪಾಂಡವರ ಕಥೆಯನ್ನೂ ಒಳಗೊಳ್ಳುವ ನೇಮಿ ತೀರ್ಥಂಕರನ ವಸ್ತುವನ್ನು ಕರ್ಣಪಾರ್ಯ, ನೇಮಿಚಂದ್ರರು ಹನ್ನೆರಡನೆಯ ಶತಮಾನದಲ್ಲಿಯೇ ಚಂಪೂವಿನಲ್ಲಿ ಕಂಡರಿಸಿದ್ದರು. ಆ ವಸ್ತು ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲದ ಮೇಲೆ ಹಾಡುಗಬ್ಬದ ಲಯಕ್ಕೆ ಇಳಿದಾಗ ಏನನ್ನು ಕಳೆದುಕೊಂಡಿತು, ಏನನ್ನು ಗಳಿಸಿತು ಎಂಬುದನ್ನು ಅರಿಯಲು ಪೂರ್ವಕವಿಗಳ ಪರಿಚಯ ಅಗತ್ಯ. ಆದುದರಿಂದ ಅದು ಮೊದಲ ಓದಿಗೆ ತಕ್ಕ ಕೃತಿಯಲ್ಲ. ಕುಂದಲತೆಯನ್ನು ಕಂಡು, 'ಅರ್ಧನೇಮಿ'ಯನ್ನು ಪಕ್ಕದಲ್ಲಿಟ್ಟುಕೊಂಡು ಬರುವ ಓದುಗರಿಗೆ ಅದು ಕಾಯುತ್ತದೆ.