ಮೋಟರ್ ನೋಡಲು ಹೋಗಿ ಮಿಂಚು ಹಿಡಿದ ಮೇಷ್ಟ್ರು

ಇಲೆಕ್ಟ್ರಿಕಲ್ ಓದುವ ನಮಗೆ ಸಿಂಕ್ರೊನಸ್ ಮೋಟರ್ ಎಂದರೆ ಪರೀಕ್ಷೆಗೆ ಬಂದೇ ಬರುವ ಪ್ರಶ್ನೆ. ಲೋಡ್ ಹಾಕಿದರೂ ವೇಗ ಬದಲಾಗುವುದಿಲ್ಲ, ರೋಟರ್ ಮಾತ್ರ ಒಂದಿಷ್ಟು ಡಿಗ್ರಿ ಹಿಂದೆ ಬೀಳುತ್ತದೆ, ಆ ಕೋನಕ್ಕೆ ಲೋಡ್ ಆ್ಯಂಗಲ್ ಎನ್ನುತ್ತಾರೆ ಎಂದು ಬರೆದು, ಕೆಳಗೊಂದು ಫೇಸರ್ ಚಿತ್ರ ಹಾಕಿದರೆ ಮುಗಿಯಿತು. ನಿಮಿಷಕ್ಕೆ 1500 ಸುತ್ತು ತಿರುಗುತ್ತಿರುವ ರೋಟರ್ ನಿಜಕ್ಕೂ ಎಷ್ಟು ಹಿಂದೆ ಬಿತ್ತು ಎಂದು ಕಣ್ಣಾರೆ ನೋಡುವುದು ಹೇಗೆ? ಈ ಪ್ರಶ್ನೆಯನ್ನು ನಮ್ಮಲ್ಲಿ ಕೇಳುವವರು ಕಡಿಮೆ. ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದ ಎಂಐಟಿಯಲ್ಲಿ ಒಬ್ಬ ವಿದ್ಯಾರ್ಥಿ ಇದರ ಹಿಂದೆ ಬಿದ್ದ. ಅವನು ಕಂಡುಕೊಂಡ ದಾರಿಯಿಂದಲೇ, ಇವತ್ತು ನಮ್ಮ ಮದುವೆ ಮಂಟಪಗಳಲ್ಲಿ ಬಿಳಿ ಕೊಡೆಯ ಒಳಗಿಂದ ಫಳ್ ಎನ್ನುವ ಫ್ಲ್ಯಾಶ್ ಬಂದಿದೆ.

ಅವರ ಹೆಸರು ಹೆರಾಲ್ಡ್ ಎಡ್ಗರ್ಟನ್. ಹುಟ್ಟಿದ್ದು 1903ರ ಏಪ್ರಿಲ್ 6ರಂದು, ನೆಬ್ರಾಸ್ಕ ರಾಜ್ಯದ ಫ್ರೀಮಾಂಟ್‌ನಲ್ಲಿ. ಬೆಳೆದದ್ದು ಅರೋರಾ ಎಂಬ ಸಣ್ಣ ಊರಿನಲ್ಲಿ. ಚಿಕ್ಕಪ್ಪ ಒಬ್ಬರು ಸ್ಟುಡಿಯೊ ಫೋಟೊಗ್ರಾಫರ್ ಆಗಿದ್ದರು. ಅವರಿಂದ ಫೋಟೊ ತೆಗೆಯುವುದನ್ನು, ತೊಳೆಯುವುದನ್ನು ಕಲಿತ ಹುಡುಗ ಮನೆಯಲ್ಲೇ ಡಾರ್ಕ್‌ರೂಂ ಮಾಡಿಕೊಂಡ. ರಜೆಯಲ್ಲಿ ಊರಿನ ವಿದ್ಯುತ್ ಕಂಪನಿಯಲ್ಲಿ ಕೆಲಸ. ಒಂದು ಕಡೆ ಕ್ಯಾಮೆರಾ, ಇನ್ನೊಂದು ಕಡೆ ಕರೆಂಟು. ಎರಡಕ್ಕೂ ಸಂಬಂಧ ಇದೆ ಎಂದು ಆಗ ಅವನಿಗೂ ಗೊತ್ತಿರಲಿಕ್ಕಿಲ್ಲ. 1925ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾಲಯದಿಂದ ಇಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಬಂತು. ಸ್ಕೆನೆಕ್ಟಡಿಯ ಜನರಲ್ ಇಲೆಕ್ಟ್ರಿಕ್ ಕಂಪನಿಯಲ್ಲಿ ಕೆಲಸವೂ ಸಿಕ್ಕಿತು. ಇವತ್ತಿನ ಲೆಕ್ಕದಲ್ಲಿ ಹೇಳುವುದಾದರೆ ಡ್ರೀಮ್ ಕಂಪನಿ. ಒಂದು ವರ್ಷ ಇದ್ದು ಬಿಟ್ಟುಬಿಟ್ಟರು. ಮತ್ತೆ ಓದಬೇಕೆಂದು 1926ರಲ್ಲಿ ಎಂಐಟಿ ಸೇರಿದರು.

ಅಲ್ಲಿ ಕೈಗೆತ್ತಿಕೊಂಡದ್ದು ಸಿಂಕ್ರೊನಸ್ ಮೋಟರ್. ಲೋಡ್ ಇದ್ದಕ್ಕಿದ್ದಂತೆ ಬದಲಾದಾಗ ರೋಟರ್ ಹೇಗೆ ತೂಗಾಡುತ್ತದೆ ಎಂದು ಅಳೆಯಬೇಕಿತ್ತು. ಪ್ರಯೋಗದ ಸರ್ಕ್ಯೂಟಿನಲ್ಲಿದ್ದ ಪಾದರಸದ ಟ್ಯೂಬು ಮಿಣಕ್ ಮಿಣಕ್ ಎಂದು ಮಿನುಗುತ್ತಿತ್ತು. ಆ ಬೆಳಕು ಬಿದ್ದಾಗ ತಿರುಗುತ್ತಿರುವ ರೋಟರ್ ನಿಂತೇ ಇದೆ ಎನ್ನುವಂತೆ ಕಂಡಿತು! ಸುತ್ತಿಗೊಮ್ಮೆ, ಅದೂ ಒಂದೇ ಜಾಗಕ್ಕೆ ಬಂದಾಗ ಮಾತ್ರ ಬೆಳಕು ಬಿದ್ದರೆ ಕಣ್ಣಿಗೆ ಕಾಣುವುದು ಆ ಒಂದೇ ಜಾಗ ತಾನೆ? ಸ್ಟ್ರೋಬೋಸ್ಕೋಪ್ ಎಂಬ ಉಪಕರಣ ಮೊದಲೇ ಇತ್ತು. ಎಡ್ಗರ್ಟನ್ ಅದನ್ನು ಇಲೆಕ್ಟ್ರಾನಿಕ್ಸ್‌ಗೆ ತಂದರು. ಕೆಪಾಸಿಟರ್‌ನಲ್ಲಿ ಚಾರ್ಜ್ ತುಂಬಿಸಿ, ಅನಿಲ ತುಂಬಿದ ಗಾಜಿನ ಟ್ಯೂಬಿನ ಮೂಲಕ ಒಮ್ಮೆಗೇ ಹರಿಸಿದರೆ ಬರುವ ಬೆಳಕು ಪ್ರಖರ, ಅದರ ಆಯಸ್ಸು ಮಾತ್ರ ಸೆಕೆಂಡಿನ ಲಕ್ಷದ ಒಂದು ಪಾಲಿನ ಆಸುಪಾಸು. 1931ರಲ್ಲಿ ಡಾಕ್ಟರೇಟ್ ಮುಗಿಯಿತು. ಮೋಟರ್ ಪಕ್ಕಕ್ಕೆ ಸರಿಯಿತು, ಬೆಳಕು ಉಳಿಯಿತು.

ಈ ಸರ್ಕ್ಯೂಟಿನ ಬಗ್ಗೆ ಸ್ವಲ್ಪ ನಿಲ್ಲಬೇಕು. ಇವತ್ತು ನಾವು ಕೊಳ್ಳುವ ಫ್ಲ್ಯಾಶ್ ಒಳಗೆ ಇರುವುದೂ ಇದೇ. ನಾಲ್ಕು ಪೆನ್ಸಿಲ್ ಸೆಲ್‌ಗಳು ಕೆಲವು ಸೆಕೆಂಡು ಒದ್ದಾಡಿ ಕೆಪಾಸಿಟರನ್ನು ಸುಮಾರು 300 ವೋಲ್ಟ್‌ಗೆ ಏರಿಸುತ್ತವೆ. ಅದರಲ್ಲಿ ಕೂಡಿಟ್ಟ ಶಕ್ತಿ 70 ಜೌಲ್ ಎಂದುಕೊಳ್ಳಿ. ಅದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಖಾಲಿಯಾದರೆ ಆ ಕ್ಷಣದ ಪವರ್ 70,000 ವಾಟ್! ನಿಧಾನವಾಗಿ ಕೂಡಿಡು, ಒಂದೇ ಏಟಿಗೆ ಸುರಿ, ಇಷ್ಟೇ ಉಪಾಯ. ಮೊಬೈಲಿನ ಎಲ್‌ಇಡಿಗೆ ನಾವು ಫ್ಲ್ಯಾಶ್ ಎನ್ನುತ್ತೇವಾದರೂ ಅದು ಟಾರ್ಚು, ಅದರಲ್ಲಿ ಈ ಕೂಡಿಡುವ ಆಟ ಇಲ್ಲ. (ಹಾಳಾದ ಫ್ಲ್ಯಾಶ್ ಬಿಚ್ಚಿ ನೋಡುವ ಆಸೆ ನಮ್ಮ ಬ್ರಾಂಚಿನವರಿಗೆ ಜಾಸ್ತಿ. ಸೆಲ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ, ಪ್ರಾಣಕ್ಕೇ ಅಪಾಯ. ಬೇಡ.)

ಎಡ್ಗರ್ಟನ್‌ಗಿಂತ ಮೊದಲು ಫೋಟೊಗ್ರಾಫರ್‌ಗಳ ಕೈಯಲ್ಲಿ ಇದ್ದದ್ದು ಮೆಗ್ನೀಸಿಯಂ ಪುಡಿ, ಆಮೇಲೆ ಒಂದೇ ಸಲಕ್ಕೆ ಸುಟ್ಟುಹೋಗುವ ಬಲ್ಬು. ಪುಡಿ ಹಚ್ಚಿದರೆ ಹೊಗೆ, ಕೆಲವೊಮ್ಮೆ ಬೆಂಕಿ ಅನಾಹುತ. ವಿದ್ಯುತ್ ಕಿಡಿಯಿಂದ ಕ್ಷಣವನ್ನು ಹಿಡಿದವರು ಇಲ್ಲವೆಂದಲ್ಲ. ಇಂಗ್ಲೆಂಡಿನ ವರ್ಥಿಂಗ್ಟನ್ ಎಂಬ ವಿಜ್ಞಾನಿ ಹಾಲಿನ ಹನಿ ಸಿಡಿಯುವುದನ್ನು ಎಡ್ಗರ್ಟನ್ ಚಿಕ್ಕವರಿದ್ದಾಗಲೇ ಕಿಡಿಯ ಬೆಳಕಿನಲ್ಲಿ ಚಿತ್ರಿಸಿದ್ದರು. ಎಡ್ಗರ್ಟನ್ ಮಾಡಿದ್ದು, ಬೇಕಾದಾಗ, ಬೇಕಾದಷ್ಟು ಸಲ, ಕರಾರುವಾಕ್ಕಾಗಿ ಹೊತ್ತಿಸಬಹುದಾದ ಬೆಳಕು. ನನಗೆ ಅದೇ ದೊಡ್ಡ ಕೆಲಸ ಎನಿಸುತ್ತದೆ.

1930ರ ದಶಕ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಎಡ್ಗರ್ಟನ್, ಅವರ ವಿದ್ಯಾರ್ಥಿಗಳಾಗಿದ್ದ ಕೆನೆತ್ ಜರ್ಮ್‌ಷಾಸನ್, ಹರ್ಬರ್ಟ್ ಗ್ರಿಯರ್, ಮೂವರೂ ಪಾಲುದಾರರಾದರು. ಕಾರ್ಖಾನೆಗಳಲ್ಲಿ ವೇಗವಾಗಿ ಓಡುವ ಯಂತ್ರ ಎಲ್ಲಿ ತಪ್ಪುತ್ತಿದೆ ಎಂದು ಸ್ಟ್ರೋಬ್ ಬೆಳಕಿನಲ್ಲಿ ತೋರಿಸುವುದೂ ಅವರ ಕೆಲಸವಾಗಿತ್ತು. ಜನರಲ್ ರೇಡಿಯೊ ಕಂಪನಿ ಅವರ ಸ್ಟ್ರೋಬೋಸ್ಕೋಪನ್ನು ತಯಾರಿಸಿ ಮಾರಿತು. ಇದರ ನಡುವೆ ಎಡ್ಗರ್ಟನ್ ಬೆಳಕನ್ನು ಯಂತ್ರದಿಂದ ತಿರುಗಿಸಿ ಮನೆಯ ವಸ್ತುಗಳ ಮೇಲೆ ಹಿಡಿದರು: ನಲ್ಲಿಯ ನೀರು, ಫುಟ್‌ಬಾಲಿಗೆ ಬಿದ್ದ ಒದೆತ, ಹಮ್ಮಿಂಗ್‌ಬರ್ಡ್ ರೆಕ್ಕೆ, ಹಾಲಿನ ಹನಿ.

ಹಾಲಿನ ಹನಿಯದ್ದೇ ಒಂದು ಕಥೆ. 1932ರ ಸುಮಾರಿಗೆ ಶುರುವಾದದ್ದು. ಹನಿ ಬಿದ್ದಾಗ ಸುತ್ತಲೂ ಮುತ್ತು ಪೋಣಿಸಿದ ಕಿರೀಟ ಏಳುತ್ತದೆ. ಎಲ್ಲ ಮುತ್ತುಗಳೂ ಸಮನಾಗಿರುವ ಒಂದು ಚಿತ್ರ ಅವರಿಗೆ ಬೇಕಿತ್ತು. ಕಪ್ಪುಬಿಳುಪಿನ ಒಂದು ಚಿತ್ರ 1937ರಲ್ಲೇ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಫೋಟೊ ಪ್ರದರ್ಶನದಲ್ಲಿ ತೂಗುಹಾಕಲ್ಪಟ್ಟಿತು. ಬೇರೆಯವರಾದರೆ ಅಲ್ಲಿಗೆ ನಿಲ್ಲಿಸುತ್ತಿದ್ದರು. ಇವರು ನಿಲ್ಲಿಸಲಿಲ್ಲ. ಕೆಂಪು ಹಿನ್ನೆಲೆಯ ಮೇಲೆ ಬಿಳಿ ಕಿರೀಟದ ಆ ಪ್ರಸಿದ್ಧ ಬಣ್ಣದ ಚಿತ್ರ ಬಂದದ್ದು 1957ರಲ್ಲಿ. ಕಾಲು ಶತಮಾನ, ಒಂದು ಹನಿ! ಇಷ್ಟಾದರೂ ತಾನು ಕಲಾವಿದನಲ್ಲ, ಎಂಜಿನಿಯರ್ ಎಂದೇ ಅವರು ಹೇಳಿಕೊಳ್ಳುತ್ತಿದ್ದರು.

ಈಗ ನಮ್ಮ ಕಥೆಗೆ ಬರೋಣ. ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಕೊಂಡ ಕಾಲೇಜು ಹುಡುಗರು ಫ್ಲ್ಯಾಶನ್ನು ಕ್ಯಾಮೆರಾದ ತಲೆಯ ಮೇಲೆ ಸಿಕ್ಕಿಸಿ, ಮುಖ ಹಪ್ಪಳದಂತೆ ಚಪ್ಪಟೆಯಾಗಿ ಬಂತೆಂದು ಮೂಲೆಗೆ ಎಸೆಯುವುದು ಮಾಮೂಲು. ಬೆಳಕು ಕಣ್ಣಿನ ದಿಕ್ಕಿನಿಂದಲೇ ಬಂದರೆ ನೆರಳು ವಸ್ತುವಿನ ಹಿಂದೆ ಅಡಗುತ್ತದೆ. ನೆರಳು ಕಾಣದಿದ್ದರೆ ಉಬ್ಬುತಗ್ಗು ಕಾಣುವುದಿಲ್ಲ. ಎಡ್ಗರ್ಟನ್ ಲ್ಯಾಬಿನಲ್ಲಿ ದೀಪ ಒಂದು ಕಡೆ, ಕ್ಯಾಮೆರಾ ಇನ್ನೊಂದು ಕಡೆ, ನಡುವೆ ತಂತಿ. ಈಗ ತಂತಿಯ ಜಾಗಕ್ಕೆ ರೇಡಿಯೊ ಟ್ರಿಗರ್ ಬಂದಿದೆ. ಒಂದು ತುಂಡು ಕ್ಯಾಮೆರಾ ಮೇಲೆ, ಇನ್ನೊಂದು ಫ್ಲ್ಯಾಶ್ ಕೆಳಗೆ. ಹಲವದರಲ್ಲಿ ಬಳಕೆಯಾಗುವುದು ನಮ್ಮ ವೈಫೈನದೇ 2.4 ಗಿಗಾಹರ್ಟ್ಸ್. ಎರಡರಲ್ಲೂ ಚಾನೆಲ್ ನಂಬರ್ ಒಂದೇ ಇರಬೇಕು, ಅಷ್ಟೆ. ದುಬಾರಿ ಆಟೊಮ್ಯಾಟಿಕ್ ಫ್ಲ್ಯಾಶ್ ಬೇಕಿಲ್ಲ. ಪವರನ್ನು ಕೈಯಿಂದ ಏರಿಸಿ ಇಳಿಸುವ ಸಾದಾ ಮ್ಯಾನ್ಯುಯಲ್ ಫ್ಲ್ಯಾಶ್ ಕಲಿಯುವವರಿಗೆ ಇನ್ನೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕ್ಯಾಮೆರಾ ಮ್ಯಾನ್ಯುಯಲ್ ಮೋಡ್, ಐಎಸ್ಒ 100, ಶಟರ್ 1/200, ಅಪರ್ಚರ್ ಎಫ್ 8. ಫ್ಲ್ಯಾಶ್ ಆರಿಸಿ ಒಂದು ಫೋಟೊ ತೆಗೆಯಿರಿ. ಟ್ಯೂಬ್‌ಲೈಟ್ ಉರಿಯುವ ಕೋಣೆಯೂ ಹೆಚ್ಚುಕಡಿಮೆ ಕಪ್ಪಾಗಿ ಬರುತ್ತದೆ. ಎಡ್ಗರ್ಟನ್‌ರ ಕತ್ತಲೆ ಕೋಣೆ ನಿಮಗೆ ಸಿಕ್ಕಿತು! ಇನ್ನು ಫ್ಲ್ಯಾಶನ್ನು 1/8 ಪವರಿಗೆ ಇಟ್ಟು, ಗೆಳೆಯನ ಮುಖದಿಂದ ಒಂದು ಮೀಟರ್ ದೂರ, ಪಕ್ಕಕ್ಕೆ 45 ಡಿಗ್ರಿ, ತಲೆಗಿಂತ ಸ್ವಲ್ಪ ಮೇಲೆ ಹಿಡಿಸಿ. ಎರಡು ಮೀಟರಿಗೆ ಸರಿಸಿದರೆ ಬೆಳಕು ಅರ್ಧವಲ್ಲ, ಕಾಲು ಭಾಗ. ಪಿಯುಸಿಯ ವಿಲೋಮ ವರ್ಗ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ನೆರಳು ತೀರಾ ಗಾಢವಾದರೆ ಇನ್ನೊಂದು ಪಕ್ಕಕ್ಕೆ ಥರ್ಮಾಕೋಲ್ ಶೀಟ್ ನಿಲ್ಲಿಸಿ. ಶಟರ್ ವೇಗ ಹಿಗ್ಗಿಸಿದರೆ ಕೋಣೆಯ ಬೆಳಕು ಬದಲಾಗುತ್ತದೆ, ಫ್ಲ್ಯಾಶ್ ಬೆಳಕು ಬದಲಾಗುವುದಿಲ್ಲ. ಫ್ಲ್ಯಾಶ್ ಬಂದು ಹೋಗುವ ಹೊತ್ತಿನಲ್ಲಿ ಶಟರ್ ಪೂರ್ತಿ ತೆರೆದೇ ಇರುತ್ತದಲ್ಲ! ಹೆಚ್ಚಿನ ಕ್ಯಾಮೆರಾಗಳಲ್ಲಿ 1/200 ಅಥವಾ 1/250 ದಾಟಿದರೆ ಮಾತ್ರ ಶಟರಿನ ಪರದೆ ಪೂರ್ತಿ ತೆರೆಯದೆ ಫೋಟೊದಲ್ಲಿ ಕಪ್ಪು ಪಟ್ಟಿ ಬರುತ್ತದೆ.

ಹನಿಯ ಚಿತ್ರಕ್ಕೆ ಇನ್ನೊಂದು ಗುಟ್ಟಿದೆ. ಕ್ಯಾಮೆರಾ ಮೇಲೆ ಕೂರುವ ಬಗೆಯ ಫ್ಲ್ಯಾಶ್‌ಗಳಲ್ಲಿ ಪವರ್ ಇಳಿಸಿದಷ್ಟೂ ಮಿಂಚಿನ ಆಯಸ್ಸು ಚಿಕ್ಕದಾಗುತ್ತದೆ, ಕರೆಂಟನ್ನು ನಡುವೆಯೇ ಕತ್ತರಿಸುವ ಸರ್ಕ್ಯೂಟ್ ಅದರಲ್ಲಿದೆ. ಆದ್ದರಿಂದ 1/32ಕ್ಕೆ ಇಳಿಸಿ, ಫ್ಲ್ಯಾಶನ್ನು ತಟ್ಟೆಯ ಹತ್ತಿರಕ್ಕೆ ತನ್ನಿ. ಎಡ್ಗರ್ಟನ್ 1964ರಲ್ಲಿ ಸೇಬನ್ನು ತೂರಿ ಹೋಗುವ ಗುಂಡಿನ ಚಿತ್ರ ತೆಗೆದದ್ದೂ ಇದೇ ತರ್ಕದಿಂದ. ಸೆಕೆಂಡಿಗೆ ಸುಮಾರು 850 ಮೀಟರ್ ಓಡುವ ಗುಂಡು, ಈಗಿನ ಒಳ್ಳೆಯ ಕ್ಯಾಮೆರಾಗಳ ಶಟರ್ ವೇಗವಾದ 1/8000ರಲ್ಲೂ ಹತ್ತು ಸೆಂಟಿಮೀಟರ್ ಮುಂದೆ ಹೋಗಿಬಿಟ್ಟಿರುತ್ತದೆ. ಎಡ್ಗರ್ಟನ್‌ರ ಫ್ಲ್ಯಾಶ್ ಬೆಳಗಿದ್ದು ಮೈಕ್ರೊಸೆಕೆಂಡಿನ ಮೂರನೇ ಒಂದು ಭಾಗ. ಅಷ್ಟರಲ್ಲಿ ಗುಂಡು ಸರಿದದ್ದು ಒಂದು ಮಿಲಿಮೀಟರಿನ ಮೂರನೇ ಒಂದಕ್ಕಿಂತಲೂ ಕಡಿಮೆ. ಬಟನ್ ಒತ್ತಲು ಯಾವ ಮನುಷ್ಯನ ಬೆರಳಿಗೂ ಆಗದು. ಮೈಕ್ರೊಫೋನ್ ಒಂದು ಸದ್ದು ಕೇಳಿ ಫ್ಲ್ಯಾಶ್ ಹೊತ್ತಿಸುತ್ತಿತ್ತು. ಮೈಕನ್ನು ಹಿಂದೆ ಮುಂದೆ ಸರಿಸಿದರೆ ಕ್ಷಣವೇ ಬದಲಾಗುತ್ತಿತ್ತು.

ಇಷ್ಟೇ ಬರೆದರೆ ಎಡ್ಗರ್ಟನ್ ಹಾಲು, ಸೇಬು ಎಂದು ಆಡಿಕೊಂಡಿದ್ದ ಮುದ್ದಾದ ಮೇಷ್ಟ್ರು ಎನಿಸಿಬಿಡುತ್ತದೆ. ಎರಡನೇ ಮಹಾಯುದ್ಧದಲ್ಲಿ ಅವರು ಅಮೆರಿಕದ ಸೇನೆಗಾಗಿ ವಿಮಾನದಲ್ಲಿ ಕೂರಿಸುವ ದೈತ್ಯ ಫ್ಲ್ಯಾಶ್ ಕಟ್ಟಿದರು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುಗಳ ಮೇಲೆ ರಾತ್ರಿ ಹಾರಿಸಿ ಪರೀಕ್ಷೆಯೂ ಆಯಿತು. 1944ರ ಜೂನ್ 6ರಂದು ಮಿತ್ರಪಡೆಗಳು ನಾರ್ಮಂಡಿ ತೀರಕ್ಕೆ ಇಳಿಯುವ ಹಿಂದಿನ ರಾತ್ರಿ ಅಲ್ಲಿನ ರಸ್ತೆಗಳಲ್ಲಿ ಶತ್ರುವಿನ ಚಲನೆ ಇದೆಯೇ ಎಂದು ನೋಡಿದ್ದು ಈ ಬೆಳಕಿನಲ್ಲಿ. ಯುದ್ಧ ಮುಗಿದ ಮೇಲೆ, 1947ರಲ್ಲಿ ಮೂವರು ಗೆಳೆಯರ ಪಾಲುದಾರಿಕೆ ಇಜಿ ಆ್ಯಂಡ್ ಜಿ ಎಂಬ ಕಂಪನಿಯಾಯಿತು. ಆ ಕಂಪನಿಯ ದೊಡ್ಡ ಗಿರಾಕಿ ಅಮೆರಿಕದ ಅಣುಶಕ್ತಿ ಆಯೋಗ. ಬಾಂಬ್ ಪರೀಕ್ಷೆಗಳಿಗೆ ಟೈಮಿಂಗ್ ವ್ಯವಸ್ಥೆ, ಸ್ಫೋಟದ ಚಿತ್ರೀಕರಣ ಇವರದು.

ಅಣುಸ್ಫೋಟಕ್ಕೆ ಫ್ಲ್ಯಾಶ್ ಬೇಕಿಲ್ಲ, ಅದೇ ಸೂರ್ಯ. ಬೇಕಾದದ್ದು ಅತಿ ವೇಗದ ಶಟರ್. ಯಾವ ಲೋಹದ ಪರದೆಗೂ ಆ ವೇಗ ಸಾಧ್ಯವಿರಲಿಲ್ಲ. ಒಂದನ್ನೊಂದು ಅಡ್ಡಗಟ್ಟುವ ಎರಡು ಪೋಲರೈಸರ್ ನಡುವೆ ಗಾಜು ಇಟ್ಟು, ಕಾಂತಕ್ಷೇತ್ರದಿಂದ ಬೆಳಕಿನ ಧ್ರುವೀಕರಣ ತಿರುಗಿಸಿ ಕ್ಷಣಮಾತ್ರ ದಾರಿ ಬಿಡುವ ರಾಪಟ್ರಾನಿಕ್ ಕ್ಯಾಮೆರಾ ಮಾಡಿದರು. ಒಂದು ಕ್ಯಾಮೆರಾಕ್ಕೆ ಒಂದೇ ಚಿತ್ರ, ಹಾಗಾಗಿ ಸಾಲಾಗಿ ಹಲವು ಕ್ಯಾಮೆರಾ. ಆ ಚಿತ್ರಗಳನ್ನು ನೋಡಿ. ಮರುಭೂಮಿಯ ಮೇಲೆ ಉಬ್ಬಿದ ಬೆಂಕಿಯ ಚೆಂಡು, ಕೆಳಗೆ ಬೇರಿನಂತೆ ಇಳಿದ ಮುಳ್ಳುಗಳು, ಯಾವುದೋ ಕಾಯಿಲೆಯ ಗಡ್ಡೆಯ ಹಾಗೆ. ಹಾಲಿನ ಕಿರೀಟದಷ್ಟೇ ಸ್ಪಷ್ಟ, ಅದರಷ್ಟೇ ಅಚ್ಚುಕಟ್ಟು. ನನಗೆ ಅದೇ ಕಸಿವಿಸಿ. ಕ್ಯಾಂಪಸ್‌ಗೆ ಯಾವ ಕಂಪನಿ ಬರುತ್ತದೆ, ಪ್ಯಾಕೇಜ್ ಎಷ್ಟು ಎಂದು ನಾವು ಕೇಳುತ್ತೇವೆ. ನಮ್ಮ ಸರ್ಕ್ಯೂಟ್ ಕೊನೆಗೆ ಎಲ್ಲಿ ಹೋಗಿ ಕೂರುತ್ತದೆ ಎಂದು ಕೇಳುವ ಪದ್ಧತಿಯೇ ಇಲ್ಲ. ಎಡ್ಗರ್ಟನ್‌ರನ್ನು ಇದಕ್ಕಾಗಿ ಕಟಕಟೆಯಲ್ಲಿ ನಿಲ್ಲಿಸುವಷ್ಟು ದೊಡ್ಡವನು ನಾನಲ್ಲ. ಹಾಗೆಂದು ಅವರ ಜೀವನ ಬರೆಯುವಾಗ ಆ ಪುಟವನ್ನು ಹಾರಿಸಿ ಹಾಲಿನ ಹನಿಗೆ ಮಾತ್ರ ಚಪ್ಪಾಳೆ ತಟ್ಟುವುದೂ ನನ್ನಿಂದಾಗದು.

1950ರ ದಶಕದಲ್ಲೇ ಅವರು ಇನ್ನೊಂದು ಕತ್ತಲೆಗೆ ಇಳಿದರು, ಸಮುದ್ರದ ತಳಕ್ಕೆ. ಫ್ರಾನ್ಸಿನ ಸಮುದ್ರ ಶೋಧಕ ಜಾಕ್ ಕೂಸ್ಟೊ ಜೊತೆ 1953ರಿಂದ ಕೆಲಸ. ಆಳದ ಒತ್ತಡ ತಡೆಯುವ ಕ್ಯಾಮೆರಾ, ಫ್ಲ್ಯಾಶ್ ಎರಡನ್ನೂ ಕಟ್ಟಿಕೊಟ್ಟರು. ಹಡಗಿನ ಹುಡುಗರು ಅವರನ್ನು ಪಾಪಾ ಫ್ಲ್ಯಾಶ್ ಎಂದು ಕರೆಯುತ್ತಿದ್ದರು. ಕಲಕಿದ ನೀರಿನಲ್ಲಿ ಬೆಳಕು ದೂರ ಹೋಗದು ಎಂದಾಗ ಶಬ್ದದ ಮಿಡಿತ ಬಳಸಿದರು. ಅವರು ಬೆಳೆಸಿದ ಸೈಡ್ ಸ್ಕ್ಯಾನ್ ಸೋನಾರ್‌ನಿಂದ, ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಮುಳುಗಿದ್ದ ಮಾನಿಟರ್ ಎಂಬ ಯುದ್ಧನೌಕೆ 1973ರಲ್ಲಿ ಪತ್ತೆಯಾಯಿತು. ಅದೇ ವರ್ಷ ಅವರಿಗೆ ನ್ಯಾಷನಲ್ ಮೆಡಲ್ ಆಫ್ ಸೈನ್ಸ್ ಬಂತು.

ಎಂಐಟಿಯಲ್ಲಿ ಎಲ್ಲರಿಗೂ ಅವರು ಡಾಕ್. ಲ್ಯಾಬಿಗೆ ಬಂದವರ ಕೈಗೆ ತಮ್ಮ ಫೋಟೊಗಳ ಪೋಸ್ಟ್‌ಕಾರ್ಡ್ ಕೊಟ್ಟು ಕಳಿಸುವುದು ಅಭ್ಯಾಸ. 1968ರಲ್ಲಿ ನಿವೃತ್ತರಾದರೂ ಲ್ಯಾಬ್ ಬಿಡಲಿಲ್ಲ. 1990ರ ಜನವರಿ 4ರಂದು, 86ನೇ ವಯಸ್ಸಿನಲ್ಲಿ, ಎಂಐಟಿಯ ಅಧ್ಯಾಪಕರ ಕ್ಲಬ್ಬಿನಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಅವರ ಲ್ಯಾಬ್ ಇದ್ದ ಕಾರಿಡಾರಿಗೆ ಈಗ ಸ್ಟ್ರೋಬ್ ಆ್ಯಲಿ ಎಂದು ಹೆಸರು. ಅಲ್ಲಿ ಅವರ ಚಿತ್ರಗಳು, ಉಪಕರಣಗಳು ಗೋಡೆಯುದ್ದಕ್ಕೂ ಇವೆ. ಸ್ಟ್ರೋಬ್ ಬೆಳಕಿನಲ್ಲಿ ಗಾಳಿಯಲ್ಲೇ ನಿಂತಂತೆ ಕಾಣುವ ನೀರಿನ ಹನಿಗಳೂ ಇವೆ.